ಒಂದು ಪ್ರಶ್ನೆ, ಮೂರು ಉಗ್ರಾಣ

ಸಾರಕ್ಕಿ ಒಂದು ಕಾಲಕ್ಕೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಹಳ್ಳಿ. ಇಂದು ಜಯಪ್ರಕಾಶ ನಗರದ ಬೀದಿಗಳೊಡನೆ ಬೆರೆತ ಪೇಟೆ. ಊರು ಬೆಳೆದಂತೆ ಅದರ ನೆಲದ ಲೆಕ್ಕವೂ ಹಲವೆಡೆ ಹಂಚಿಹೋಯಿತು. ಹೊಲವಾಗಿದ್ದಾಗಿನ ಪಹಣಿ ಕಂದಾಯ ಇಲಾಖೆಯ ‘ಭೂಮಿ’ಯಲ್ಲಿದೆ; 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಅಲ್ಲಿ ಗಣಕಕ್ಕೇರಿದವು. ಕ್ರಯ, ಅಡಮಾನಗಳ ನೋಂದಣಿ ‘ಕಾವೇರಿ’ಯಲ್ಲಿದೆ. ನಿವೇಶನದ ಖಾತೆ ನಗರಾಡಳಿತದ ‘ಇ-ಆಸ್ತಿ’ಯಲ್ಲಿದೆ. ಇವು ಮೂರು ಪ್ರತ್ಯೇಕ ಉಗ್ರಾಣಗಳು. ಗಣಕದ ಮಾತಿನಲ್ಲಿ, ಮೂರು ಡೇಟಾಬೇಸ್‌ಗಳು. “ಈ ನಿವೇಶನವನ್ನು ಕೊಳ್ಳಬಹುದೆ?” ಎಂಬ ಪ್ರಶ್ನೆ ಒಂದೇ, ಉತ್ತರದ ತುಣುಕುಗಳು ಮಾತ್ರ ಮೂರು ಕಡೆ.

ಒಂದು ತಂತ್ರಾಂಶ ಇವನ್ನೆಲ್ಲ ಕೂಡಿಸುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಪ್ರತಿಯೊಂದನ್ನೂ ಬೇರೆ ಬೇರೆ ಕೇಳಿ ಉತ್ತರಗಳನ್ನು ತಾನೇ ಹೊಂದಿಸುವುದು. ಎರಡನೆಯದು, ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸುವುದು. ಅವನು ಪ್ರಶ್ನೆಯನ್ನು ಒಡೆದು ಎಲ್ಲ ಕಡೆಗೂ ಕಳಿಸಿ ಒಂದೇ ಉತ್ತರವಾಗಿ ತರುತ್ತಾನೆ. ಆದರೆ ಎಲ್ಲರಿಗಿಂತ ನಿಧಾನವಾದ ಉಗ್ರಾಣದ ವೇಗವೇ ಅವನ ವೇಗ. ಮೂರನೆಯದು, ಎಲ್ಲದರ ನಕಲನ್ನೂ ರಾತ್ರಿ ಒಂದೆಡೆ ತಂದಿಡುವುದು. ಇದು ಚುರುಕು, ಆದರೆ ಇಂದು ಬೆಳಗ್ಗೆ ನೋಂದಣಿಯಾದ ಅಡಮಾನ ಅದರಲ್ಲಿ ಕಾಣದು.

ಯಾವ ದಾರಿಯಾದರೂ ಬೆಸುಗೆಯೊಂದು ಬೇಕು. ಪದ್ಯದ ನಾಲ್ಕು ಸಾಲುಗಳಲ್ಲಿ ಚದುರಿದ ಪದಗಳನ್ನು ಅನ್ವಯಿಸಲು ವಿಭಕ್ತಿಪ್ರತ್ಯಯ ನೆರವಾಗುವುದಷ್ಟೆ? ಇಲ್ಲಿ ಆ ಕೆಲಸ ಸರ್ವೆ ನಂಬರಿನದು, ಸ್ವತ್ತಿನ ಸಂಖ್ಯೆಯದು. ಹೆಸರನ್ನು ನಂಬುವಂತಿಲ್ಲ, ಕನ್ನಡದ ಒಬ್ಬ ಕೃಷ್ಣಪ್ಪ ಇಂಗ್ಲಿಷ್ ಲಿಪಿಯಲ್ಲಿ ನಾಲ್ಕು ಬಗೆಯಾದಾನು. ಸರ್ವೆ ನಂಬರೂ ಒಂಟಿಯಾಗಿ ಸಾಲದು. 10ನೆಯ ನಂಬರು ಪ್ರತಿ ಹಳ್ಳಿಯಲ್ಲಿಯೂ ಉಂಟು. ಹಳ್ಳಿಯ ಗುರುತೂ, ಹೊಲ ನಿವೇಶನಗಳಾಗಿ ಒಡೆದಾಗ ಹಳೆಯ ನಂಬರನ್ನು ಹೊಸದಕ್ಕೆ ಕಟ್ಟುವ ಪಟ್ಟಿಯೂ ಬೇಕು.

ಉಗ್ರಾಣಗಳ ಮಾತು ಒಂದಕ್ಕೊಂದು ಹೊಂದದಿದ್ದರೆ? ಓಲೆಗರಿಯ ಪ್ರತಿಗಳನ್ನು ಹೋಲಿಸುವ ಸಂಪಾದಕನು ಪಾಠಾಂತರವನ್ನು ಅಡಗಿಸುವುದಿಲ್ಲ, ಅಡಿಯಲ್ಲಿ ಕಾಣಿಸುತ್ತಾನೆ. ತಂತ್ರಾಂಶವೂ ಹಾಗೆಯೇ ಮಾಡಬೇಕು. 2015ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ, ಕ್ರಯಪತ್ರ ಕೈಯಲ್ಲಿದ್ದವರ ಮನೆಗಳೂ ಉರುಳಿದವು. ಒಂದು ಕಾಗದಕ್ಕೆ ಅದು ಮನೆ, ಇನ್ನೊಂದಕ್ಕೆ ಕೆರೆಯಂಗಳ. ಎರಡನ್ನೂ ಒಟ್ಟಿಗೆ ಕೇಳದಿದ್ದುದರ ಬೆಲೆ ಒಂದು ಸಂಸಾರದ ಜೀವಮಾನದ ಉಳಿತಾಯ.

ಮೌನವನ್ನೂ ತಪ್ಪಾಗಿ ಓದಬಾರದು. 2025ರ ಜನವರಿಯಲ್ಲಿ ‘ಕಾವೇರಿ 2.0’ರ ಮೇಲೆ ದುಷ್ಕರ್ಮಿಗಳು ಸುಳ್ಳು ಹುಡುಕಾಟಗಳ ಮಳೆಗರೆದರು, ಸೇವೆ ಅಸ್ತವ್ಯಸ್ತವಾಯಿತು. ಅಂಥ ಹೊತ್ತಿನಲ್ಲಿ ತಂತ್ರಾಂಶವು ಖಾಲಿ ಜಾಗ ತೋರಿದರೆ, ಕೊಳ್ಳುವವನು “ಋಣಭಾರವಿಲ್ಲ” ಎಂದು ಓದಿಕೊಂಡಾನು. “ಉತ್ತರ ಬರಲಿಲ್ಲ” ಎಂಬುದೇ ಬೇರೆ, “ಏನೂ ಇಲ್ಲ” ಎಂಬುದೇ ಬೇರೆ.

ಆದುದರಿಂದ ಒಟ್ಟುಗೂಡಿಸಿದ ಉತ್ತರ ಕೈಗೆ ಬಂದಾಗ, ಪ್ರತಿ ಸಾಲಿನ ಪಕ್ಕದಲ್ಲಿಯೂ ಎರಡು ಸಂಗತಿಗಳನ್ನು ಹುಡುಕಬೇಕು: ಇದು ಯಾವ ಉಗ್ರಾಣದ್ದು, ಯಾವ ಹೊತ್ತಿನದು. ಇವು ಕಾಣದಿದ್ದರೆ ಮುಂಗಡ ಕೊಡುವ ಮುನ್ನ ಆಯಾ ಕಚೇರಿಯಲ್ಲಿ ಇನ್ನೊಮ್ಮೆ ಕೇಳುವುದೇ ಲೇಸು.