ಕವಿತೆಯ ಜೊತೆ ಪೌರತ್ವದ ಚೀಟಿಯನ್ನೂ ಕೇಳಿದವರು

ಅಮೆರಿಕದಲ್ಲಿ ಹೊಸ ಕವಿಯೊಬ್ಬನ ಮೊದಲ ಸಂಕಲನ ಹೊರಬರುವ ದಾರಿಯೇ ಬೇರೆ. ಪ್ರಕಾಶಕರ ಮನೆಗೆ ಅಲೆಯುವುದಕ್ಕಿಂತ ಹಸ್ತಪ್ರತಿಯನ್ನು ಸ್ಪರ್ಧೆಗೆ ಕಳಿಸುವುದೇ ಅಲ್ಲಿನ ರೂಢಿ. ಗೆದ್ದರೆ ಬಹುಮಾನದ ಹಣ ಬರುತ್ತದೆ, ಪುಸ್ತಕವೂ ಅಚ್ಚಾಗುತ್ತದೆ. 2015ರವರೆಗೆ ಇಂಥ ಹಲವು ಸ್ಪರ್ಧೆಗಳ ನಿಯಮಾವಳಿಯಲ್ಲಿ, ಪುಟಗಳ ಮಿತಿ ಮತ್ತು ಪ್ರವೇಶ ಶುಲ್ಕದ ವಿವರಗಳ ನಡುವೆ, ಇನ್ನೂ ಒಂದು ಷರತ್ತಿತ್ತು. ಕವಿ ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು ಎನ್ನುವ ಷರತ್ತು. ಇದನ್ನು ಓದಿದಾಗಿನಿಂದ ನನ್ನ ತಲೆಯಿಂದ ಅದು ಇಳಿದಿಲ್ಲ. ಕಾವ್ಯವನ್ನು ಪ್ರೀತಿಸುವವರು, ಬಹುಪಾಲು ಉದಾರಿಗಳೇ ಆದ ಸಂಪಾದಕರು ಮತ್ತು ಪ್ರಾಧ್ಯಾಪಕರು ಕೂತು ರೂಪಿಸಿದ ನಿಯಮ ಅದು. ಅದರಿಂದ ಯಾರು ಹೊರಗುಳಿಯುತ್ತಾರೆ ಎಂದು ಅವರಲ್ಲಿ ಹೆಚ್ಚಿನವರು ಯೋಚಿಸಿರಲಿಕ್ಕೂ ಇಲ್ಲ.

ಹೊರಗುಳಿದವರಲ್ಲಿ ಒಬ್ಬನ ಹೆಸರು ಹಾವಿಯರ್ ಸಮೋರಾ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಅಕ್ಕನ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅವನ ಆತ್ಮಕಥನ ‘ಸೊಲೀತೋ’ ಕೈಗೆ ಸಿಕ್ಕಿತು. 2022ರಲ್ಲಿ ಬಂದ ಪುಸ್ತಕ. ಮಧ್ಯಾಹ್ನ ಹಿಡಿದದ್ದನ್ನು ರಾತ್ರಿ ಊಟಕ್ಕೆ ಕರೆದರೂ ಕೆಳಗಿಡಲಿಲ್ಲ.

ಸಮೋರಾ ಹುಟ್ಟಿದ್ದು 1990ರಲ್ಲಿ, ಎಲ್ ಸಾಲ್ವಡಾರ್‌ನ ಲಾ ಎರ್ರಾದೂರಾ ಎಂಬ ಮೀನುಗಾರರ ಊರಿನಲ್ಲಿ. ಮಗುವಿಗೆ ಒಂದು ವರ್ಷವಾದಾಗ ಅಪ್ಪ ಅಮೆರಿಕಕ್ಕೆ ಓಡಿಹೋದ, ಐದು ತುಂಬುವ ಮೊದಲೇ ಅಮ್ಮನೂ ಹೋದಳು. ಅಜ್ಜ ಅಜ್ಜಿ ಸಾಕಿದರು. 1999ರ ಏಪ್ರಿಲ್‌ನಲ್ಲಿ, ಒಂಬತ್ತನೇ ವಯಸ್ಸಿನಲ್ಲಿ, ಅವನನ್ನು ಗಡಿ ದಾಟಿಸುವ ದಲ್ಲಾಳಿಯ ಕೈಗೆ ಒಪ್ಪಿಸಿದರು. ಅಜ್ಜ ಗ್ವಾಟೆಮಾಲಾದವರೆಗೆ ಜೊತೆಗೆ ಬಂದ. ಅಲ್ಲಿಂದ ಮುಂದೆ ಹುಡುಗ, ಮತ್ತು ಗುರುತಿಲ್ಲದ ಕೆಲವು ಜನ. ಎರಡು ವಾರದಲ್ಲಿ ಮುಗಿಯಬೇಕಿದ್ದ ಪ್ರಯಾಣ ಒಂಬತ್ತು ವಾರ ಹಿಡಿಯಿತು. ಅದರಲ್ಲಿ ಬಹುಪಾಲು ದಿನ ಮಗ ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ಎಂದು ಹೆತ್ತವರಿಗೂ ಗೊತ್ತಿರಲಿಲ್ಲ.

ಪುಸ್ತಕ ಇಡೀ ಆ ಒಂಬತ್ತು ವಾರಗಳದ್ದು. ಬರೆದವನು ಮೂವತ್ತು ದಾಟಿದವನಾದರೂ ಕಣ್ಣು, ಕಿವಿ, ಹೆದರಿಕೆ ಎಲ್ಲ ಒಂಬತ್ತರ ಹುಡುಗನದ್ದೇ. ಪೆಸಿಫಿಕ್ ಸಮುದ್ರದಲ್ಲಿ ಸಣ್ಣ ದೋಣಿಯೊಳಗೆ ತುಂಬಿದ ಜನರ ವಾಂತಿ, ಪೆಟ್ರೋಲ್ ಹೊಗೆ. ಮೆಕ್ಸಿಕೋದಲ್ಲಿ ಬಸ್ಸಿನಿಂದ ಇಳಿಸಿ ನೆಲಕ್ಕೆ ಮಲಗಿಸಿದ ಬಂದೂಕುಧಾರಿ ಸೈನಿಕರು. ಇದೆಲ್ಲ ನಡೆಯುವಾಗಲೂ ಅವನ ಚಿಂತೆ, ಬೂಟಿನ ದಾರ ಸರಿಯಾಗಿ ಕಟ್ಟಲು ಬರುವುದಿಲ್ಲವಲ್ಲ ಎನ್ನುವುದು. ಸೊನೋರಾ ಮರುಭೂಮಿಯ ಗಿಡಗಳ ಹೆಸರು ತಿಳಿಯದ್ದಕ್ಕೆ ತಾನೇ ಒಂದೊಂದಕ್ಕೂ ಹೆಸರಿಡುತ್ತಾ ನಡೆಯುತ್ತಾನೆ. ಎರಡು ಸಲ ಸಿಕ್ಕಿಬಿದ್ದು, ಮೂರನೇ ಸಲ ದಾಟಿದ. ಗುಂಪಿನಲ್ಲಿದ್ದ ಒಬ್ಬ ತಾಯಿ, ಅವಳ ಮಗಳು, ಹತ್ತೊಂಬತ್ತರ ಒಬ್ಬ ಯುವಕ, ಈ ಮೂವರು ಅವನನ್ನು ಮನೆಮಗನಂತೆ ನೋಡಿಕೊಂಡರು. ಹೊತ್ತುಕೊಂಡು ನಡೆದರು, ತಮ್ಮ ನೀರು ಕೊಟ್ಟರು. ಪುಸ್ತಕ ಬರೆದದ್ದಕ್ಕೆ ಅವರನ್ನು ಮತ್ತೆ ಕಾಣುವ ಆಸೆಯೂ ಒಂದು ಕಾರಣ ಎಂದು ಸಮೋರಾ ಹೇಳಿದ್ದಾನೆ.

ನನಗೆ ಅತಿ ಹಿಡಿಸಿದ ಭಾಗ ಮೆಕ್ಸಿಕೋದ್ದು. ಎಲ್ ಸಾಲ್ವಡಾರ್‌ನವರೆಂದು ಗೊತ್ತಾದರೆ ಪೊಲೀಸರು ಹಿಡಿದು ದಕ್ಷಿಣಕ್ಕೆ ಅಟ್ಟುತ್ತಾರೆ. ಹಾಗಾಗಿ ಗುಂಪಿನವರೆಲ್ಲ ಮೆಕ್ಸಿಕೋದವರ ರಾಗದಲ್ಲಿ, ಅವರ ಪದಗಳಲ್ಲಿ ಮಾತಾಡುವುದನ್ನು ಅಭ್ಯಾಸ ಮಾಡುತ್ತಾರೆ. ಬಿಳಿಯರ ನಾಡು ಮುಟ್ಟುವ ಮೊದಲೇ, ತನ್ನದೇ ಬಣ್ಣದ, ತನ್ನದೇ ಭಾಷೆಯ ಜನರ ನಡುವೆ ಬಾಯಿ ಬಿಡಲು ಹೆದರುವುದನ್ನು ಆ ಹುಡುಗ ಕಲಿತ. ತಾತ್ಸಾರಕ್ಕೆ ಗಡಿಯ ಬೇಲಿಯೇ ಬೇಕಿಲ್ಲ ಎನ್ನುವುದನ್ನು ಇಷ್ಟು ನೇರವಾಗಿ ತೋರಿಸಿದ ಬರಹ ನಾನು ಇತ್ತೀಚೆಗೆ ಓದಿಲ್ಲ.

ಹುಡುಗ ಬೆಳೆದದ್ದು ಸ್ಯಾನ್ ರಫೇಲ್‌ನಲ್ಲಿ. ಅದನ್ನು ನೋಡದೆ ಊರಿಗೆ ಮರಳಲು ಮನಸ್ಸಾಗಲಿಲ್ಲ. ರಿಚ್‌ಮಂಡ್ ಸೇತುವೆ ದಾಟುವಾಗ ಎಡಕ್ಕೆ ಸ್ಯಾನ್ ಕ್ವೆಂಟಿನ್ ಜೈಲು ಕಾಣುತ್ತದೆ, ಅಲ್ಲಿಗೆ ಮರಿನ್ ಕೌಂಟಿ ಬಂದಾಯಿತು. ಕ್ಯಾಲಿಫೋರ್ನಿಯಾದ ಅತಿ ಶ್ರೀಮಂತ ಜಿಲ್ಲೆಗಳಲ್ಲಿ ಒಂದು. ಆದರೆ ಸ್ಯಾನ್ ರಫೇಲ್‌ನ ಹೆದ್ದಾರಿಯ ಪೂರ್ವಕ್ಕೆ, ಕಾಲುವೆಯ ಪಕ್ಕದಲ್ಲಿ, ‘ಕೆನಾಲ್’ ಎಂದೇ ಕರೆಯುವ ಒಂದು ಬಡಾವಣೆಯಿದೆ. ಒತ್ತೊತ್ತಾದ ಅಪಾರ್ಟ್‌ಮೆಂಟುಗಳು, ಬಟ್ಟೆ ಒಗೆಯುವ ಮೆಷಿನ್ನುಗಳ ಅಂಗಡಿಗಳು, ಬಸ್ ಸ್ಟಾಪಿನಲ್ಲಿ ಬೆಳಗ್ಗೆಯೇ ಕಾಯುವ ಹೆಂಗಸರು. ಮರಿನ್‌ನ ದೊಡ್ಡ ಮನೆಗಳ ಹುಲ್ಲುಹಾಸು ಕತ್ತರಿಸುವವರು, ಮಕ್ಕಳನ್ನು ನೋಡಿಕೊಳ್ಳುವವರು, ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು ಬಹಳಷ್ಟು ಇಲ್ಲಿಯವರು. ಗ್ವಾಟೆಮಾಲಾ, ಎಲ್ ಸಾಲ್ವಡಾರ್‌ನ ಕುಟುಂಬಗಳು.

ಪುಟ್ಟ ಹೋಟೆಲೊಂದರಲ್ಲಿ ಪುಪೂಸಾ ತಿಂದೆವು. ಮೆಕ್ಕೆಜೋಳದ ಹಿಟ್ಟಿನೊಳಗೆ ಚೀಸು, ಬೀನ್ಸು ತುಂಬಿ ಹೋಳಿಗೆಯ ಹಾಗೆ ತಟ್ಟಿ ಬೇಯಿಸಿದ್ದು, ಪಕ್ಕದಲ್ಲಿ ಹುಳಿ ಬಂದ ಎಲೆಕೋಸು. ಮಾಡಿಕೊಟ್ಟ ಹೆಂಗಸಿಗೆ ಸಮೋರಾ ಹೆಸರು ಗೊತ್ತಿರಲಿಲ್ಲ. ಅಕ್ಕನ ಮಗಳ ಕಾಲೇಜು ಸ್ಪ್ಯಾನಿಷ್ ಹಿಡಿದುಕೊಂಡು ಅವನ ಕಥೆ ಹೇಳಿಸಿದೆ. ಮರುಭೂಮಿಯ ಮಾತು ಬಂದಾಗ ಆಕೆ ತಲೆಯಾಡಿಸಿದಳು, ಇದರಲ್ಲಿ ಹೊಸದೇನಿದೆ ಎನ್ನುವ ಹಾಗೆ. ಅವಳಿಗೆ ನೆನಪಿದ್ದದ್ದು 2007ರ ಮಾರ್ಚ್. ಆ ತಿಂಗಳು ವಲಸೆ ಪೊಲೀಸರು ನಸುಕಿನಲ್ಲೇ ಕೆನಾಲ್‌ನ ಮನೆಗಳ ಬಾಗಿಲು ಬಡಿದಿದ್ದರು. ತಂದೆಯ ಜೊತೆ ಆರು ವರ್ಷದ ಬಾಲಕನನ್ನೂ ಕರೆದೊಯ್ದು ಗಂಟೆಗಟ್ಟಲೆ ಕೂಡಿಹಾಕಿದರು. ಆ ಮಗು ಅಮೆರಿಕದಲ್ಲೇ ಹುಟ್ಟಿದ, ಅಮೆರಿಕದ ಪ್ರಜೆ. ನಾಗರಿಕ ಹಕ್ಕುಗಳ ವಕೀಲರು ಕೋರ್ಟಿಗೆ ಹೋದರು, ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಸಮೋರಾಗೆ ಆಗ ಹದಿನೇಳು. ನೆರೂಡನನ್ನು ಓದಿ ಕವಿತೆಗೆ ಕೈಹಾಕಿದ್ದು ಹೆಚ್ಚುಕಡಿಮೆ ಆ ವಯಸ್ಸಿನಲ್ಲೇ. ಅದುವರೆಗೆ ತಾನು ಹೇಗೆ ಬಂದೆ ಎನ್ನುವುದನ್ನು ಸಹಪಾಠಿಗಳಿಂದ ಮುಚ್ಚಿಟ್ಟೇ ಬೆಳೆದಿದ್ದ.

ಎಲ್ ಸಾಲ್ವಡಾರ್‌ನವರು ಯಾಕೆ ಬಂದರು ಎನ್ನುವುದು ಪತ್ರಿಕೆ ಓದುವವರಿಗೆ ಗೊತ್ತಿರುವ ಸಂಗತಿ. 1980ರಿಂದ 1992ರವರೆಗೆ ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧ. ಸುಮಾರು 75,000 ಸಾವು. ಆರ್ಚ್‌ಬಿಷಪ್ ಒಸ್ಕಾರ್ ರೊಮೆರೊ ಅವರನ್ನು ಪೂಜೆ ಮಾಡುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ಕೊಲ್ಲುತ್ತಿದ್ದ ಸೇನೆಗೆ ಹಣ, ಆಯುಧ, ತರಬೇತಿ ಅಮೆರಿಕದಿಂದ. ಅಲ್ಲಿಂದ ಓಡಿಬಂದವರಿಗೆ ಆಶ್ರಯ ನಿರಾಕರಿಸಿದ್ದೂ ಅಮೆರಿಕವೇ. 1982ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ ಜಾನ್ ಫೈಫ್, ಸರ್ಕಾರ ಏನೇ ಮಾಡಲಿ, ಇವರಿಗೆ ನಮ್ಮ ಚರ್ಚಿನಲ್ಲಿ ಜಾಗವಿದೆ ಎಂದು ಬಹಿರಂಗವಾಗಿ ಸಾರಿದರು. 1990ರ ದಶಕದಲ್ಲಿ ಊರುಗಳ ಬಳಿ ಗಡಿ ಬಿಗಿಯಾದಂತೆ ಜನ ಮರುಭೂಮಿ ಹಿಡಿದರು. ಸಮೋರಾ ಗಡಿ ದಾಟಿ ಬಂದು ಸೇರಿದ್ದು ಅದೇ ಟೂಸಾನ್‌ಗೆ. ಈಗ ಅವನ ಮನೆಯೂ ಅಲ್ಲೇ.

ಮತ್ತೆ ಆ ನಿಯಮದ ವಿಷಯಕ್ಕೆ ಬರುತ್ತೇನೆ. 2015ರಲ್ಲಿ ಸಮೋರಾ, ಮಾರ್ಸೆಲೊ ಎರ್ನಾಂಡೆಸ್ ಕಾಸ್ತಿಯೊ ಮತ್ತು ಕ್ರಿಸ್ಟೋಫರ್ ಸೋಟೊ ಸೇರಿ ‘ಅನ್‌ಡಾಕ್ಯುಪೊಯೆಟ್ಸ್’ ಹೆಸರಿನಲ್ಲಿ ಒಂದು ಮನವಿ ಹೊರಡಿಸಿದರು. ಕಾಸ್ತಿಯೊ ಐದನೇ ವಯಸ್ಸಿನಲ್ಲಿ ಮೆಕ್ಸಿಕೋದಿಂದ ಗಡಿ ದಾಟಿ ಬಂದವನು. ಕವಿಯ ಪೌರತ್ವ ಯಾಕೆ ಬೇಕು, ಕವಿತೆ ನೋಡಿ ಎಂದಷ್ಟೇ ಅವರ ಬೇಡಿಕೆ. ಹಲವು ಸಂಸ್ಥೆಗಳು ನಿಯಮ ತಿದ್ದಿದವು. ಮರುವರ್ಷ ಈ ಮೂವರಿಗೆ ಲೇಖಕರ ಹಿತ ಕಾಯ್ದವರಿಗೆ ಕೊಡುವ ಪ್ರಶಸ್ತಿಯೂ ಬಂತು. ಸಮೋರಾನ ಮೊದಲ ಸಂಕಲನ ‘ಅನ್‌ಅಕಂಪನೀಡ್’ 2017ರಲ್ಲಿ ಪ್ರಕಟವಾಯಿತು.

ಉಳಿದದ್ದು ಎಲ್ಲಕ್ಕಿಂತ ದೊಡ್ಡದಾದ ಪುಲಿಟ್ಜರ್ ಪ್ರಶಸ್ತಿ. ಪತ್ರಿಕಾ ವಿಭಾಗಗಳಲ್ಲಿ ಪೌರತ್ವದ ಷರತ್ತಿರಲಿಲ್ಲ, ಇತಿಹಾಸ ಗ್ರಂಥಕ್ಕೂ ಇರಲಿಲ್ಲ. ಕಾದಂಬರಿ, ಕಾವ್ಯ, ನಾಟಕ, ಆತ್ಮಕಥನ ಮುಂತಾದವಕ್ಕೆ ಇತ್ತು. ಗಡಿಯ ಕುರಿತು ವರದಿ ಬರೆದ ವಿದೇಶಿಗೆ ಪ್ರಶಸ್ತಿ ಕೊಡಬಹುದಿತ್ತು, ಅದೇ ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟಿದವನ ಆತ್ಮಕಥನವನ್ನು ಮಾತ್ರ ತೆರೆದೂ ನೋಡುವಂತಿರಲಿಲ್ಲ!

ಇದು ಯಾರ ಹೆಸರಿನ ಪ್ರಶಸ್ತಿ? ಜೋಸೆಫ್ ಪುಲಿಟ್ಜರ್ ಹುಟ್ಟಿದ್ದು 1847ರಲ್ಲಿ, ಹಂಗೆರಿಯ ಮಾಕೊ ಎಂಬ ಊರಿನಲ್ಲಿ. ಕಣ್ಣು ಮಂದ, ಮೈ ಕೃಶ ಎಂದು ಯುರೋಪಿನ ಸೇನೆಗಳು ಅವನನ್ನು ತಿರಸ್ಕರಿಸಿದ್ದವು. ಅಂತರ್ಯುದ್ಧಕ್ಕೆ ಜನ ಸಾಲದೆ ಅಲೆಯುತ್ತಿದ್ದ ಅಮೆರಿಕದ ಏಜೆಂಟರ ಕೈಗೆ ಸಿಕ್ಕಿ 1864ರಲ್ಲಿ ಬಾಸ್ಟನ್ ಮುಟ್ಟಿದ. ಹಡಗಿನಿಂದ ನೀರಿಗೆ ಹಾರಿ ದಡಕ್ಕೆ ಈಜಿದ ಎಂದೂ ಕಥೆಯಿದೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಸೇಂಟ್ ಲೂಯಿಸ್‌ನಲ್ಲಿ ಹೇಸರಗತ್ತೆ ಮೇಯಿಸಿದ, ಹೋಟೆಲಿನಲ್ಲಿ ಸಪ್ಲೈಯರ್ ಆದ. ವರದಿಗಾರನಾಗಿ ಬರೆದ ಮೊದಲ ಪತ್ರಿಕೆ ಇಂಗ್ಲಿಷಿನದ್ದೂ ಅಲ್ಲ, ಅಲ್ಲಿನ ಜರ್ಮನ್ ಪತ್ರಿಕೆ. ಮುಂದೆ ‘ನ್ಯೂಯಾರ್ಕ್ ವರ್ಲ್ಡ್’ ಒಡೆಯನಾದಾಗ, ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣವಿಲ್ಲದೆ ಕೆಲಸ ನಿಂತಿತ್ತು. 1885ರಲ್ಲಿ ತನ್ನ ಪತ್ರಿಕೆಯಲ್ಲಿ ಜನರನ್ನು ಬೇಡಿ 1 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದ. ಕೊಟ್ಟವರಲ್ಲಿ ಹೆಚ್ಚಿನವರು ಒಂದು ಡಾಲರಿಗಿಂತ ಕಡಿಮೆ ಕೊಟ್ಟವರು, ಅವರಲ್ಲಿ ಚಿಲ್ಲರೆ ಕಾಸು ತಂದ ಮಕ್ಕಳೂ ಇದ್ದರು. ಹಡಗಿನಲ್ಲಿ ಬಂದ ಲಕ್ಷಾಂತರ ಬಡವರು ಮೊದಲು ಕಂಡ ಆ ಪ್ರತಿಮೆ ಎದ್ದು ನಿಂತದ್ದರಲ್ಲಿ ಈ ವಲಸಿಗನ ಪಾಲಿದೆ. ಪುಲಿಟ್ಜರ್‌ನ ಪತ್ರಿಕೋದ್ಯಮ ಎಲ್ಲ ಕಾಲದಲ್ಲೂ ಶುದ್ಧವಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಅವನ ಹೆಸರಿನ ಪ್ರಶಸ್ತಿಗೆ ಇಂಥ ಷರತ್ತು ಒಂದು ಶತಮಾನ ಅಂಟಿಕೊಂಡಿದ್ದದ್ದು ನನಗೆ ನೋವಿನ ಸಂಗತಿ.

2023ರ ಬೇಸಿಗೆಯಲ್ಲಿ ಸಮೋರಾ ‘ಲಾಸ್ ಏಂಜಲೀಸ್ ಟೈಮ್ಸ್’ನಲ್ಲಿ ಇದನ್ನೇ ಪ್ರಶ್ನಿಸಿ ಬರೆದ. ಆಗ ಅವನ ಕೈಯಲ್ಲಿ ಗ್ರೀನ್ ಕಾರ್ಡ್ ಇತ್ತು, ಆದರೂ ‘ಸೊಲೀತೋ’ ಪುಲಿಟ್ಜರ್‌ಗೆ ಅರ್ಹವಾಗಿರಲಿಲ್ಲ. ನೂರಾರು ಲೇಖಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಸೆಪ್ಟೆಂಬರಿನಲ್ಲಿ ಮಂಡಳಿ ಬಗ್ಗಿತು. 2025ರ ಪ್ರಶಸ್ತಿಯಿಂದ ಕಾಯಂ ನಿವಾಸಿಗಳಿಗೂ, ದೀರ್ಘಕಾಲದಿಂದ ಅಮೆರಿಕವನ್ನೇ ಮನೆ ಮಾಡಿಕೊಂಡವರಿಗೂ ಬಾಗಿಲು ತೆರೆಯಿತು. ಬಾಲ್ಯದಲ್ಲಿ ಕಳ್ಳದಾರಿಯಲ್ಲಿ ತಂದು ಬಿಟ್ಟ ಹುಡುಗನೊಬ್ಬ ಆ ದೇಶದ ಸಾಹಿತ್ಯದ ಕಟ್ಟಳೆಯನ್ನೇ ತಿದ್ದಿಸಿದ. ಇದನ್ನು ನೆನೆದಾಗಲೆಲ್ಲ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ಆ ಗ್ರೀನ್ ಕಾರ್ಡ್ ಸಿಕ್ಕ ಬಗೆ ನನ್ನನ್ನು ಕೊರೆಯುತ್ತಿದೆ. ‘ಅಸಾಧಾರಣ ಸಾಮರ್ಥ್ಯ’ ಉಳ್ಳವರಿಗೆ ಮೀಸಲಾದ ಇಬಿ-1 ವರ್ಗದಲ್ಲಿ ಅವನಿಗೆ ಅದು ದೊರೆಯಿತು. ಅದಕ್ಕಾಗಿ 2018ರಲ್ಲಿ, ಬಿಟ್ಟುಬಂದು ಹತ್ತೊಂಬತ್ತು ವರ್ಷದ ಮೇಲೆ, ಎಲ್ ಸಾಲ್ವಡಾರ್‌ಗೆ ಹೋಗಿ ಸಂದರ್ಶನಕ್ಕೆ ಕೂರಬೇಕಾಯಿತು. ಇದನ್ನು ಹೇಳಿದಾಗ ಅಕ್ಕನ ಮಗಳು ಬೆರಗಾದಳು. “ಅದನ್ನ ಐನ್‌ಸ್ಟೈನ್ ವೀಸಾ ಅಂತಾರೆ ಚಿಕ್ಕಮ್ಮ, ನಮ್ಮ ಆಫೀಸಲ್ಲೇ ಯಾರಿಗೋ ಒಬ್ಬರಿಗೆ ಸಿಗುತ್ತೆ ಅಷ್ಟೆ.” ಅವಳ ಗಂಡನಿಗೆ ಬೆರಗಿಗಿಂತ ಕಹಿ ಹೆಚ್ಚು. “ನಾವು ಕಾನೂನು ಪ್ರಕಾರ ಬಂದು ಇಷ್ಟು ವರ್ಷದಿಂದ ಕ್ಯೂನಲ್ಲಿದ್ದೀವಿ. ಇವರು ಬೇಲಿ ಹಾರಿ ಬಂದು ಮುಂದೆ ನಿಂತರು” ಎಂದರು. ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಈ ಮಾತು ನನಗೆ ಮತ್ತೆ ಮತ್ತೆ ಕೇಳಿಸಿದೆ. ಅವರ ಕಾಯುವಿಕೆಯ ಸಂಕಟ ನಿಜ. ಆದರೆ ಹಳ್ಳಿಯೊಂದರ ಒಂಬತ್ತು ವರ್ಷದ ಹುಡುಗ, ಕಾಗದಪತ್ರ ಇಲ್ಲದ ತಂದೆತಾಯಿಯನ್ನು ಸೇರಲು ಯಾವ ಕ್ಯೂನಲ್ಲಿ ನಿಲ್ಲಬೇಕಿತ್ತು? ಅಂಥ ಕ್ಯೂ ಎಲ್ಲಿಯೂ ಇರಲಿಲ್ಲ. ಬೇಲಿ ಹಾರಿದವರಲ್ಲಿ ನಮ್ಮವರೇನೂ ಕಡಿಮೆಯಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2021ರ ಅಂದಾಜಿನಲ್ಲಿ ದಾಖಲೆಯಿಲ್ಲದ ವಲಸಿಗರ ಸಾಲಿನಲ್ಲಿ ಮೆಕ್ಸಿಕೋ, ಎಲ್ ಸಾಲ್ವಡಾರ್ ನಂತರ ಮೂರನೆಯದು ಭಾರತ, ಸುಮಾರು 7,25,000 ಜನ. 2025ರ ಫೆಬ್ರುವರಿಯಲ್ಲಿ ಕೈಕೋಳ ತೊಡಿಸಿದ 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ.

ಸಮೋರಾನನ್ನು ಮೆಚ್ಚುವ ವಿಮರ್ಶಕರಲ್ಲಿ ಕೆಲವರು ಪ್ರತಿಭೆ ಅವನನ್ನು ದಡ ಸೇರಿಸಿತು ಎಂದು ಬರೆಯುತ್ತಾರೆ. ಹಾಗೆ ಓದಲು ನನಗಾಗುವುದಿಲ್ಲ. ಅವನನ್ನು ಬೆನ್ನಮೇಲೆ ಹೊತ್ತ ಯುವಕನಿಗೆ, ತನ್ನ ಪಾಲಿನ ನೀರು ಕೊಟ್ಟ ತಾಯಿಗೆ ‘ಅಸಾಧಾರಣ’ ಎಂದು ಸರ್ಟಿಫಿಕೇಟು ಬರೆದುಕೊಡುವ ಕಚೇರಿ ಯಾವುದೂ ಇಲ್ಲ. ಇಬಿ-1 ಸಿಗುವವರೆಗೆ ಸಮೋರಾ ಬದುಕಿದ್ದು 2001ರ ಭೂಕಂಪಗಳ ನಂತರ ಎಲ್ ಸಾಲ್ವಡಾರ್‌ನವರಿಗೆ ಕೊಟ್ಟ ‘ತಾತ್ಕಾಲಿಕ ರಕ್ಷಣೆ’ಯ ಮೇಲೆ. 2018ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಅದನ್ನು ಮುಗಿಸುವುದಾಗಿ ಘೋಷಿಸಿತು, ನಂತರ ಕೋರ್ಟು ತಡೆಯಿತು, ಆಮೇಲೆ ಮತ್ತೆ ವಿಸ್ತರಣೆ. ಹೆಚ್ಚೆಂದರೆ 18 ತಿಂಗಳಿಗೊಮ್ಮೆ ಅವಧಿ ಮುಗಿಯುವ ಆ ಚೀಟಿಯನ್ನು, ಶುಲ್ಕ ಕಟ್ಟಿ ಬೆರಳಚ್ಚು ಕೊಟ್ಟು ನವೀಕರಿಸಿಕೊಳ್ಳುತ್ತಲೇ ಇಪ್ಪತ್ತರಲ್ಲಿ ಬಂದವರು ನಲವತ್ತು ದಾಟಿದ್ದಾರೆ, ಅಲ್ಲೇ ಹುಟ್ಟಿದ ಅವರ ಮಕ್ಕಳು ಮತ ಹಾಕುವ ವಯಸ್ಸಿಗೆ ಬಂದಿದ್ದಾರೆ.