ಮುಷ್ಟಿ ಎಷ್ಟು ಬಿಗಿ, ಅಜ್ಜಿ?

ಬೆಂಗಳೂರಿನ ಆರ್.ಟಿ. ನಗರದ ಪಾರ್ಕೊಂದರಲ್ಲಿ ಭಾನುವಾರ ಬೆಳಿಗ್ಗೆ ಹಿರಿಯರಿಗೆ ಆರೋಗ್ಯ ತಪಾಸಣೆ ನಡೆದಿತ್ತು. ಬಿಪಿ, ಶುಗರ್ ನೋಡುವಲ್ಲಿ ಉದ್ದನೆಯ ಸಾಲು. ಕೊನೆಯ ಮೇಜಿನ ಮುಂದೆ ಮಾತ್ರ ಯಾರೂ ಇಲ್ಲ. ಅಲ್ಲಿ ಫಿಸಿಯೋಥೆರಪಿ ಓದುವ ಹುಡುಗಿ ಡೈನಮೋಮೀಟರ್ ಇಟ್ಟುಕೊಂಡು ಕೂತಿದ್ದಳು. ಅದರ ಹಿಡಿಕೆಯನ್ನು ಹಿಂಡಿದರೆ ಮುಷ್ಟಿಯ ಬಲ ಎಷ್ಟು ಕೆ.ಜಿ. ಎಂದು ಮುಳ್ಳು ತೋರಿಸುತ್ತದೆ.

ಹತ್ತಿ ಸೀರೆ, ಕ್ಯಾನ್ವಾಸ್ ಶೂ ತೊಟ್ಟ ಅಜ್ಜಿಯೊಬ್ಬರು ಬಂದು ಕೂತರು. ‘ಮೊಣಕೈ ಪಕ್ಕೆಗೆ ತಾಗಿರಲಿ ಅಜ್ಜಿ, ಉಸಿರು ಕಟ್ಬೇಡಿ. ಒತ್ತಿ, ಇನ್ನೂ ಒತ್ತಿ...’ ಮುಂಗೈ ನರ ಉಬ್ಬಿತು, ಗಲ್ಲ ಅದುರಿತು, ಮುಳ್ಳು 21ರಲ್ಲಿ ನಿಂತಿತು. ‘ಸೂಪರ್ ಅಜ್ಜಿ!’ ಎಂದಳು ಹುಡುಗಿ. ‘ಚಪಾತಿ ಹಿಟ್ಟು ನಾದೋದು ಇವತ್ತಿಗೂ ನಾನೇ ಕಣಮ್ಮ. ಸೊಸೆ ಬೇಡ ಅಂತಾಳೆ, ನಾನು ಬಿಡಲ್ಲ’ ಎಂದರು ಅಜ್ಜಿ.

ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿಕೊಂಡ ಅಳತೆಯಂತೆ ಗಂಡಸರಿಗೆ 28, ಹೆಂಗಸರಿಗೆ 18 ಕೆ.ಜಿ.ಗಿಂತ ಕಡಿಮೆಯಾದರೆ ಸ್ನಾಯು ಸೊರಗಿದೆ ಎಂದರ್ಥ. ಮುಷ್ಟಿ ಸಡಿಲವಾದವರಲ್ಲಿ ಮುಂದೆ ಮರೆವಿನ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ನಮ್ಮಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಇಲ್ಲಿಗೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳು ಮುಪ್ಪಾಗುವ ಬಗೆಯನ್ನು ವರ್ಷಗಳಿಂದ ಗಮನಿಸುತ್ತಿರುವುದು ಇದೇ ಕಾಳಜಿಯಿಂದ.

ನನ್ನನ್ನು ಇನ್ನಿಲ್ಲದಂತೆ ಹಿಡಿದಿರುವುದು ಮಾತ್ರ ಅವಳಿಗಳ ಕಥೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 324 ಅವಳಿ ಹೆಂಗಸರ ಕಾಲಿನ ಬಲ ಅಳೆದು, ಹತ್ತು ವರ್ಷದ ನಂತರ ಅವರ ನೆನಪು, ಯೋಚನೆಯ ವೇಗವನ್ನು ಮತ್ತೆ ಪರೀಕ್ಷಿಸಿದರು. ಫಲಿತಾಂಶ ಬಂದದ್ದು 2015ರಲ್ಲಿ. ಒಂದೇ ಗರ್ಭದಲ್ಲಿ ಬೆಳೆದು ಒಂದೇ ಅಂಗಳದಲ್ಲಿ ಆಡಿದ ಅಕ್ಕತಂಗಿಯರಲ್ಲೂ ಕಾಲು ಗಟ್ಟಿಯಿದ್ದವಳ ಬುದ್ಧಿ ಹೆಚ್ಚು ಚುರುಕಾಗಿ ಉಳಿದಿತ್ತು, ಮಿದುಳಿನ ಸ್ಕ್ಯಾನಿನಲ್ಲೂ ಮುಪ್ಪಿನ ಗುರುತು ಕಡಿಮೆಯಿತ್ತು. ವಂಶ, ಬಾಲ್ಯ, ಬಡತನ ಎಂದು ಕಾರಣ ಹುಡುಕುವವರಿಗೆ ಇಲ್ಲಿ ಹೆಚ್ಚು ಜಾಗವಿಲ್ಲ.

ಹಾಗೆಂದು ರಬ್ಬರ್ ಚೆಂಡು ಹಿಚುಕಿದರೆ ನೆನಪು ಮರಳುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಮುಷ್ಟಿ ಇಡೀ ದೇಹದ ಸುದ್ದಿ ಹೇಳುತ್ತದೆ, ಅಷ್ಟೇ. ಮಿದುಳು ಮೊದಲೇ ಕುಗ್ಗುತ್ತಾ ಬಂದು ಕೈ ಆಮೇಲೆ ಸೋತಿರಲೂಬಹುದು. ಆದರೆ ದುಡಿಯುವ ಸ್ನಾಯು ರಕ್ತಕ್ಕೆ ಬಿಡುವ ರಾಸಾಯನಿಕಗಳು ಮಿದುಳಿನ ಕೋಶಗಳನ್ನು ಪೋಷಿಸುತ್ತವೆ ಎಂಬುದಕ್ಕೆ ಪುರಾವೆ ಬೆಳೆಯುತ್ತಿದೆ. ಸ್ನಾಯು ಗಟ್ಟಿಗೊಳಿಸುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೂ ಹೇಳುತ್ತದೆ. ಬರೀ ವಾಕಿಂಗ್ ಸಾಲದು.

ಡೈನಮೋಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಹಿರಿಯರನ್ನು ಕೂರಿಸಿ, ಕೈ ಎದೆಗೆ ಕಟ್ಟಿಸಿ, ಪಕ್ಕದಲ್ಲೇ ನಿಂತು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಣಿಸಿ. 70–74ರ ಹೆಂಗಸರು ಹತ್ತಕ್ಕಿಂತ, ಗಂಡಸರು ಹನ್ನೆರಡಕ್ಕಿಂತ ಕಡಿಮೆ ಮಾಡಿದರೆ ವೈದ್ಯರಿಗೆ ತಿಳಿಸಿ. ‘ನೀವು ಸುಮ್ನೆ ಕೂತ್ಕೊಳಿ, ನಾವು ಮಾಡ್ತೀವಿ’ ಎಂದು ಅವರ ಕೈಯಿಂದ ತರಕಾರಿ ಚೀಲವನ್ನೂ ಹಿಟ್ಟಿನ ಪಾತ್ರೆಯನ್ನೂ ದಯವಿಟ್ಟು ಕಿತ್ತುಕೊಳ್ಳಬೇಡಿ.