ತುಕ್ಕು ಹಿಡಿದ ಕಾರು, ಹೊಸ ಕಾರು

ಭದ್ರಾವತಿಯ ಕುಲುಮೆಯು 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಿ ಕಬ್ಬಿಣವನ್ನು ಕೊಡತೊಡಗಿತು. ಶಿವಮೊಗ್ಗದ ಕೋಟೆಯ ಬೀದಿಯಲ್ಲಿ ಮಳೆಗೆ ನಿಂತ ಹಳೆಯ ಕಾರಿನಲ್ಲಿ ಪ್ರಕೃತಿಯು ಅದೇ ಕಾರ್ಯವನ್ನು ವಿಲೋಮವಾಗಿ ನಡೆಸುತ್ತದೆ: ಕಬ್ಬಿಣವು ನೀರು, ಆಮ್ಲಜನಕಗಳೊಡನೆ ಕೂಡಿ ತುಕ್ಕಾಗುತ್ತದೆ.

ಮನೆಯಲ್ಲಿಯೇ ಪುಟ್ಟ ಕಾರನ್ನು ಕಟ್ಟಬಯಸುವವರು ಅಗ್ಗದ ಹಳೆಯ ಕಾರನ್ನು ಕೊಂಡು, ಅದರ ಎಂಜಿನ್, ಗೇರುಪೆಟ್ಟಿಗೆ, ಬ್ರೇಕು, ಸ್ಟಿಯರಿಂಗುಗಳನ್ನು ಹೊಸ ಚೌಕಟ್ಟಿಗೆ ಜೋಡಿಸುತ್ತಾರೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ನ್ನೇ ತೆಗೆದುಕೊಳ್ಳೋಣ. ಎಂಜಿನ್ 796 ಘನ ಸೆಂಟಿಮೀಟರು. ಕಾರಿನ ತೂಕ ಸುಮಾರು 650 ಕಿಲೋಗ್ರಾಂ. ಹೊಸ ವಾಹನವು 500 ಕಿಲೋಗ್ರಾಂ ತೂಗಿದರೆ, ಅದೇ ಬಲಕ್ಕೆ ವೇಗೋತ್ಕರ್ಷವು ಶೇಕಡ 30ರಷ್ಟು ಹೆಚ್ಚುವುದು.

ಬಾಗಿಲು, ಚಾವಣಿಗಳ ತುಕ್ಕಿಗೆ ಅಂಜಬೇಕಿಲ್ಲ. ಅವನ್ನು ಹೇಗೂ ಕಿತ್ತೊಗೆಯುತ್ತೇವೆ. ಆ ತುಕ್ಕಿನಿಂದ ಬೆಲೆಯೂ ಇಳಿಯುವುದು. ಆದರೆ ಬ್ರೇಕಿನ ಕೊಳವೆ, ಸ್ಟಿಯರಿಂಗಿನ ಸರಳುಗಳು ಸವೆದಿದ್ದರೆ ಆ ಕಾರನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಿ. ಲೋಹವು ತೆಳುವಾದಷ್ಟೂ ಅದರ ಪ್ರತಿ ಚದರ ಮಿಲಿಮೀಟರು ಹೊರಬೇಕಾದ ಭಾರವು ಹೆಚ್ಚುತ್ತದೆ. ತುಂಡಾದರೆ ಹೋಗುವುದು ಚಾಲಕನ ಪ್ರಾಣ.

ಇನ್ನೊಂದು ಎಚ್ಚರಿಕೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ. ಇಂಥ ವಾಹನದ ಪ್ರಯೋಗ ಸ್ವಂತ ಬಯಲಿನಲ್ಲಿಯೇ ನಡೆಯಲಿ.

ಕೊಳ್ಳುವಾಗ ಬಣ್ಣವನ್ನು ನೋಡಬೇಡಿ, ಕಾರಿನಡಿಗೆ ತೂರಿ ನೋಡಿ.